ಮೂರನೆಯ ಫ್ಯಾನು

ನಡುಹೊಳೆಯಲ್ಲಿ ಇಂಜಿನು ಮತ್ತೆ ಕಿರುಚತೊಡಗಿತು. ದೋಣಿ ಮಾತ್ರ ಮುಂದೆ ಹೋಗಲಿಲ್ಲ. ನೇತ್ರಾವತಿಯ ಸೆಳೆತಕ್ಕೆ ಸಿಕ್ಕಿ ಓರೆಯಾಗಿ ಕೆಳಗೆ ಕೆಳಗೆ ಜಾರಿತು.

“ಈ ಫ್ಯಾನೂ ಆಗುದಿಲ್ಲವಾ ರುಕ್ಮಯ್ಯಣ್ಣ?” ಎಂದ ಹನೀಫಾ, ಇಂಜಿನಿನ ಹಿಡಿ ಬಿಡದೆ.

ಬಿ.ಸಿ.ರೋಡಿನ ಮೆಕ್ಯಾನಿಕ್ ರುಕ್ಮಯ್ಯ ತಲೆ ಕೆರೆದುಕೊಂಡ. ಮಂಗಳೂರು ಬಂದರಿನಲ್ಲಿ ಯಾರೋ ಓಡಿಸಿ ಬಿಟ್ಟಿದ್ದ ಈ ದೋಣಿಯನ್ನು ಹನೀಫಾ ನರಿಕೊಂಬಿನಲ್ಲಿ ಹೊಳೆ ದಾಟಿಸುವ ಕಡವಿಗೆ ತಂದಂದಿನಿಂದ ರುಕ್ಮಯ್ಯನಿಗೆ ಇದೇ ಕೆಲಸ. ಪ್ಲಗ್ ಉಜ್ಜಿದ್ದಾಯಿತು, ಕಾರ್ಬುರೇಟರ್ ಬಿಚ್ಚಿದ್ದಾಯಿತು. ಕೊನೆಗೆ ನೀರಿನಡಿ ತಿರುಗುವ ಫ್ಯಾನಿನ ಮೇಲೆ ಸಂಶಯ ಬಂತು. ಮೊದಲಿನದರ ಎಸಳು ಬಹಳ ಓರೆ, ಜನ ತುಂಬಿದರೆ ಎಳೆಯುವುದಿಲ್ಲ ಎಂದ. ಎರಡನೆಯದಕ್ಕೆ ಓರೆ ಸಾಲದು ಎಂದ. ಇವತ್ತು ಬೆಳಿಗ್ಗೆ ಹಾಕಿದ್ದು ಮೂರನೆಯದು, ಅಗಲ ಎಸಳಿನದು. ಅವರಿಬ್ಬರೇ ಹಿಂದೆ ಕೂತು ಓಡಿಸಿ ನೋಡಿದಾಗ ಮೂರರಲ್ಲಿಯೂ ದೋಣಿ ಹಾರುತ್ತಿತ್ತು.

“ಫ್ಯಾನು ಸರಿ ಉಂಟು ಮಾರಾಯ. ಜನ ಹೆಚ್ಚಾದ್ದು.”

“ನಿನ್ನೆ ಕಟ್ಟಿದ ಬೀಡಿ ಕೊಡ್ಲಿಕ್ಕೆ ಬ್ರಾಂಚಿಗೆ ಹೋಗುವವರು ಇಷ್ಟೇ ಜನ ಇದ್ರು. ಹಳೇ ಫ್ಯಾನು. ಹಾರಿತಲ್ಲ? ವಾಯಿದೆಯ ದಿನವೇ ಇದಕ್ಕೆ ಎಂತ ಆಗುದು?”

“ಇಂಜಿನಿಗೂ ಟ್ರಿಬ್ಯೂನಲ್ ಅಂದ್ರೆ ಹೆದರಿಕೆಯೋ ಏನೋ.”

ಯಾರೂ ನಗಲಿಲ್ಲ. ದೋಣಿಯ ಮೂತಿಯಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು ನಿಂತಿದ್ದವರೆಲ್ಲ ಮುಂಡಪ್ಪ ಧನಿಗಳ ಒಕ್ಕಲುಗಳು. ಧನಿಗಳ ಗದ್ದೆ ತಮ್ಮ ಹೆಸರಿಗೆ ಆಗಬೇಕೆಂದು ಭೂ ಟ್ರಿಬ್ಯೂನಲ್ಲಿಗೆ ಅರ್ಜಿ ಹಾಕಿದವರು. ಅವರಲ್ಲಿ ರಾಜೀವಿಯ ವಿಚಾರಣೆ ಇವತ್ತು ಹತ್ತು ಗಂಟೆಗೆ, ಹೊಳೆಯಾಚೆ ಬಂಟ್ವಾಳದಲ್ಲಿ. ಹೋದ ವಾಯಿದೆಗೆ ದೋಣಿ ಹೀಗೆಯೇ ಕೈಕೊಟ್ಟು, ಅವಳು ಓಡಿ ಹೋಗಿ ಮುಟ್ಟುವಾಗ ಹೆಸರು ಕರೆದಾಗಿತ್ತು. ಇನ್ನೊಮ್ಮೆ ಬಾರದಿದ್ದರೆ ಅರ್ಜಿ ವಜಾ ಎಂದು ಹೇಳಿ ಕಳಿಸಿದ್ದರು. ಗಂಡ ಉತ್ತು ಸತ್ತ ಗದ್ದೆ.

ಮುಂಡಪ್ಪ ಧನಿಗಳೂ ಅದೇ ದೋಣಿಯಲ್ಲಿದ್ದರು. ಹಿಂದಿನ ಮೆತ್ತನೆಯ ಸೀಟಿನಲ್ಲಿ, ಕಾಲು ಚಾಚಿ, ಒಬ್ಬರೇ. ಅವರಿಗೆ ಅವಸರವಿರಲಿಲ್ಲ. ಅವರ ವಕೀಲರು ಆಗಲೇ ಅಲ್ಲಿ ಮುಟ್ಟಿದ್ದರು.

“ಹಿಂದೆ ತಿರುಗಿಸು ಹನೀಫಾ. ಇವತ್ತು ಆಗುದಿಲ್ಲ ಇದು,” ಎಂದರು.

ಹನೀಫಾ ಹಿಡಿ ತಿರುಗಿಸಲಿಲ್ಲ. ಅವನ ಕಿವಿ ಸದ್ದಿನಲ್ಲಿತ್ತು. ಭಾರ ಎಳೆಯಲಾರದ ಇಂಜಿನು ಏದುಸಿರು ಬಿಡಬೇಕು, ಇದು ಕಿರುಚುತ್ತಿದೆ. ಯಾಕೆ? ಕತ್ತು ಚಾಚಿ ಹಿಂಬದಿಗೆ ಬಗ್ಗಿ ನೋಡಿದ. ಫ್ಯಾನಿನ ಎಸಳು ನೀರಿನಿಂದ ಮೇಲೆದ್ದು ಬಿಸಿಲಿಗೆ ಹೊಳೆಯಿತು, ನೊರೆ ಎಬ್ಬಿಸಿತು, ಮತ್ತೆ ಹೊಳೆಯಿತು.

“ರುಕ್ಮಯ್ಯಣ್ಣ, ಇಲ್ಲಿ ನೋಡಿ! ಫ್ಯಾನಿಗೆ ನೀರೇ ಸಿಗುದಿಲ್ಲ. ಗಾಳಿ ಕಡೆಯುದು!”

ರುಕ್ಮಯ್ಯ ಬಗ್ಗಿ ನೋಡಿದ. ಆಮೇಲೆ ದೋಣಿಯ ಮೂತಿ ನೋಡಿದ. ಅದು ನೀರಿಗೆ ಕಚ್ಚಿ ಕೂತಿತ್ತು. ಬೀಡಿ ಕಟ್ಟುವ ಹೆಂಗಸರು ದಿನಾ ಹಿಂದಿನ ಸೀಟಿನಲ್ಲಿ, ಅದರ ಬುಡದಲ್ಲಿ ಎಲ್ಲ ತುಂಬಿಕೊಂಡು ಕೂರುತ್ತಾರೆ. ಧನಿಗಳು ಬಂದ ದಿನ ಹಿಂದೆ ಅವರೊಬ್ಬರೇ.

“ಎಲ್ಲರೂ ಹಿಂದೆ ಬನ್ನಿ!” ಎಂದು ಕೂಗಿದ ಹನೀಫಾ. “ಬೇಗ! ಕೂತುಕೊಳ್ಳಿ ಇಲ್ಲಿ!”

ಒಂದು ಕಾಲೂ ಅಲುಗಲಿಲ್ಲ. ಉಳುವವನಿಗೇ ಗದ್ದೆ ಎಂಬ ಕಾನೂನು ಬಂದು ವರ್ಷಗಳಾಗಿದ್ದವು, ಅರ್ಜಿಗೆ ಹೆಬ್ಬೆಟ್ಟು ಒತ್ತಿಯೂ ಆಗಿತ್ತು. ಆದರೆ ಧನಿಗಳ ಬದಿಯಲ್ಲಿ ಕೂರುವುದು? ಎಲ್ಲರೂ ಅವರ ಮುಖ ನೋಡಿದರು. ಅವರು ದಡ ನೋಡಿದರು.

“ಎದುರು ಬೇಕಾದಷ್ಟು ಜಾಗ ಉಂಟಲ್ಲ ಅವರಿಗೆ,” ಎಂದರು ಧನಿಗಳು ಮೆಲ್ಲನೆ.

ದೋಣಿ ಇನ್ನೂ ಕೆಳಗೆ ಜಾರಿತು. ಬಂಟ್ವಾಳದ ಪೇಟೆ ಹಿಂದೆ ಉಳಿಯಿತು.

“ಹನೀಫಾ,” ಎಂದಳು ರಾಜೀವಿ. ಅವಳ ದನಿಯಲ್ಲಿ ಸಿಟ್ಟಿಗಿಂತ ಕುತೂಹಲವೇ ಹೆಚ್ಚಿತ್ತು. “ಭಾರ ಹಿಂದೆ ಬಂದ್ರೆ ಹೋಗ್ತದಾ ಇದು?”

“ಹೋಗ್ತದೆ ಅಕ್ಕ.”

“ಯಾರ ಭಾರ ಆದ್ರೂ ಆಗ್ತದಾ?”

“ಅದಕ್ಕೆ ಎಂತ ಗೊತ್ತು ಅಕ್ಕ, ಯಾರದ್ದು ಅಂತ!”

ರಾಜೀವಿ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಅಲುಗುವ ದೋಣಿಯಲ್ಲಿ ಒಬ್ಬೊಬ್ಬರ ಹೆಗಲು ಹಿಡಿಯುತ್ತ ಹಿಂದೆ ಬಂದಳು. ಧನಿಗಳ ಚಾಚಿದ ಕಾಲಿನ ಎದುರು ಒಂದು ಗಳಿಗೆ ನಿಂತಳು. ಅವರು ಕಾಲು ಎಳೆದುಕೊಂಡರು. ಅವಳು ಕೂತಳು. ಇಂಜಿನಿನ ಕಿರುಚಾಟ ಒಂದಿಷ್ಟು ತಗ್ಗಿತು.

“ಬನ್ನಿ ಮಾರಾಯ್ರೆ! ಹೊಳೆಯಲ್ಲಿ ಸಾಯುದಕ್ಕಿಂತ ಇಲ್ಲಿ ಕೂರುದು ಕಷ್ಟವಾ?”

ಮೊದಲು ಅವಳ ಅತ್ತೆ ಬಂದರು. ಆಮೇಲೆ ಮತ್ತಿಬ್ಬರು, ಆಮೇಲೆ ಎಲ್ಲರೂ. ಮೂತಿ ಮೇಲೆದ್ದಿತು, ಹಿಂಬದಿ ನೀರಿಗೆ ಇಳಿಯಿತು. ಕಿರುಚುತ್ತಿದ್ದ ಇಂಜಿನು ಗಂಟಲು ಸರಿಮಾಡಿಕೊಂಡಂತೆ ಗುರ್ರೆಂದಿತು. ದೋಣಿ ಸೆಳೆತವನ್ನು ಸೀಳಿ ಎದುರಿಗೆ ನುಗ್ಗಿತು. ಧನಿಗಳು ಎದ್ದು ಹೋಗಿ ಮೂತಿಯಲ್ಲಿ ನಿಂತರು. ನೀರು ಹಾರಿ ಅವರ ಬಿಳಿ ಪಂಚೆ ಮೊಣಕಾಲಿನ ತನಕ ಒದ್ದೆಯಾಯಿತು.

ಹೆಸರು ಕರೆದಾಗ ರಾಜೀವಿ ಇದ್ದಳು. ಮಧ್ಯಾಹ್ನದ ಹೊತ್ತಿಗೆ ಗದ್ದೆ ಅವಳ ಹೆಸರಿಗೆ ಡಿಕ್ಲರೇಶನ್ ಆಯಿತು.

ಸಂಜೆ ದೋಣಿ ಹೊರಡುವಾಗ ಒಕ್ಕಲುಗಳೆಲ್ಲ ಹಿಂದೆ ಕೂತಾಗಿತ್ತು. ಮುಂಡಪ್ಪ ಧನಿಗಳು ಕೊನೆಗೆ ಬಂದರು. ಒಂದು ಕಾಲನ್ನು ದೋಣಿಯಲ್ಲಿಟ್ಟು, ಎದುರಿನ ಖಾಲಿ ಜಾಗದ ಕಡೆಗೆ ತಿರುಗಿದರು.

“ಅಲ್ಲಿ ಬೇಡ ಧನಿಗಳೇ,” ಎಂದ ಹನೀಫಾ, ಇಂಜಿನಿನ ಹಗ್ಗ ಎಳೆಯುತ್ತ. “ಫ್ಯಾನು ಏಳ್ತದೆ.”

ಧನಿಗಳು ನಿಂತಲ್ಲಿಯೇ ನಿಂತರು. ಹಿಂದಿನ ಸೀಟಿನಲ್ಲಿ ರಾಜೀವಿ ಅತ್ತೆಯ ಕಡೆಗೆ ಒತ್ತಿ ಕೂತು, ಅವರಿಗೆ ಕೂರುವಷ್ಟು ಜಾಗ ಬಿಟ್ಟುಕೊಟ್ಟಳು.