ಪರದೆಯ ಹಿಂದಿನ ಪರೀಕ್ಷೆ

"ಪರದೆಯೊಳಗೆ ಇಣುಕಿದರೆ ಆಟ ಮುಗೀತು, ತಿಳ್ಕೋ," ಎಂದು ಡಬ್ಬಿ ಪಂಡಿತ ತನ್ನ ಭಾಮೈದನ ಭುಜ ಒತ್ತಿ ಸೋಫಾದಲ್ಲಿ ಕೂರಿಸಿದ.

"ನಾನ್ಯಾಕೆ ಇಣುಕಲಿ ಭಾವ? ಮೋಸ ಮಾಡೋದು ಸೋಲೋರು."

ಪಂಡಿತ ಹುಬ್ಬು ಗಂಟಿಕ್ಕಿದ. ಕೆಂಪು ಡಬ್ಬಿ ಕಂಪನಿಯ ಮಾಲು ಮಾರುವ ಅಂಗಡಿಯವನನ್ನು ನಂಬುವುದು ಹೇಗೆ? ಹೆಂಡತಿಯ ತಮ್ಮ ಎಂಬ ಒಂದೇ ಕಾರಣಕ್ಕೆ ಮನೆಯೊಳಗೆ ಬಿಟ್ಟುಕೊಂಡಿದ್ದ.

ಯಾವ ಹೊಸ ಯಂತ್ರ ಬಂದರೂ ಡಬ್ಬಿ ಬಿಚ್ಚಿ ಅಂತರ್ಜಾಲದಲ್ಲಿ ಅಭಿಪ್ರಾಯ ಬರೆಯುವುದು ಪಂಡಿತನ ಚಟ. ಅಡ್ಡಹೆಸರು ಬಂದದ್ದೂ ಹಾಗೆಯೇ. ಅವನ ಮನೆಯಲ್ಲಿ ಗಡಿಯಾರದಿಂದ ಹಲ್ಲುಜ್ಜುವ ಬ್ರಷ್‌ವರೆಗೆ ಎಲ್ಲವೂ ನೀಲಿ ಡಬ್ಬಿಯಲ್ಲಿ ಬಂದವು. ನೀಲಿ ಕಂಪನಿ ಇಂಜಿನಿಯರುಗಳನ್ನು ಸಾಕುತ್ತದೆ, ಕೆಂಪು ಕಂಪನಿ ಜಾಹೀರಾತಿನವರನ್ನು ಸಾಕುತ್ತದೆ ಎಂಬುದು ಅವನ ಸಿದ್ಧಾಂತ. ಭಾಮೈದ ಇದೇ ಮಾತನ್ನು ಬಣ್ಣ ಬದಲಾಯಿಸಿ ಹೇಳುತ್ತಿದ್ದ. ಈಗ ಎರಡೂ ಕಂಪನಿಗಳು ಆರೇ ದಿನಗಳ ಅಂತರದಲ್ಲಿ ಹೊಸ ಸ್ಪೀಕರ್ ಬಿಟ್ಟಿದ್ದವು. ಯಾರದನ್ನು ಯಾರು ಕದ್ದರು ಎಂದು ಇಬ್ಬರೂ ವಾರದಿಂದ ಫೋನಿನಲ್ಲೇ ಕಿತ್ತಾಡುತ್ತಿದ್ದರು.

ಆದರೆ ಇವತ್ತಿನ ಪರೀಕ್ಷೆ ಬರೀ ಹಟಕ್ಕಲ್ಲ. ಪಂಡಿತನ ಹೆಂಡತಿ ಶಾಲೆಯ ಟೀಚರು. ನಾಳೆ ಶಾಲೆಯ ವಾರ್ಷಿಕೋತ್ಸವ. ಮೊದಲ ಹಾಡು ಅತ್ತೆಯೇ ಹಾಡಬೇಕೆಂದು ಅವಳ ಆಸೆ. ಅತ್ತೆಗೂ ಆಸೆ, ಕೇಳಿದ ದಿನದಿಂದ ಸ್ನಾನದ ಮನೆಯಲ್ಲಿ ಗುನುಗುತ್ತಿದ್ದರು. ಅಡ್ಡ ಬಂದವನು ಅವರ ಮಗ ಪಂಡಿತನೇ.

"ಅಮ್ಮನ ಗಂಟಲು ಮೊದಲಿನ ಹಾಗಿದ್ಯೇನೇ? ಮೂವತ್ತು ವರ್ಷದ ಹಿಂದೆ ಅಪ್ಪ ಟೇಪ್ ಮಾಡಿದ ಹಾಡಿದೆಯಲ್ಲ, ಒಳ್ಳೆ ಸ್ಪೀಕರಿನಲ್ಲಿ ಅದನ್ನೇ ಹಾಕಿದ್ರಾಯ್ತು."

ಅಮ್ಮ ಅವತ್ತಿನಿಂದ ಗುನುಗುವುದನ್ನು ಬಿಟ್ಟರು. ಹೆಂಡತಿ ಎರಡು ದಿನ ಮಾತು ಬಿಟ್ಟಳು. ಪಂಡಿತ ಎರಡನ್ನೂ ಗಮನಿಸಲಿಲ್ಲ. ಯಾವ ಸ್ಪೀಕರು ಎಂಬ ಪ್ರಶ್ನೆ ಅವನ ತಲೆ ತಿನ್ನುತ್ತಿತ್ತು.

ಟೇಪಿನ ಆ ಹಾಡನ್ನು ಎರಡೂ ಸ್ಪೀಕರುಗಳಿಗೆ ತುಂಬಿಸಿಟ್ಟಿದ್ದ. ತಬಲವಿಲ್ಲ, ಶ್ರುತಿಪೆಟ್ಟಿಗೆಯಿಲ್ಲ, ಬರೀ ಕಂಠ. ಯಂತ್ರದ ಬಣ್ಣ ಬಯಲಾಗುವುದು ಬರೀ ಕಂಠದಲ್ಲೇ ಎಂದು ಅವನು ಓದುಗರಿಗೆ ನೂರು ಸಲ ಹೇಳಿದ್ದಾನೆ. ಎರಡೂ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸ್ಪೀಕರುಗಳು. ಬ್ಯಾಟರಿಯವು ಆಟಿಕೆ ಎಂದೂ ಹೇಳಿದ್ದಾನೆ. ಊಟದ ಕೋಣೆಗೆ ದಪ್ಪ ಪರದೆ ಎಳೆದು, ಗುಂಡಿ ಒತ್ತಲು ಅಮ್ಮನನ್ನೇ ಒಳಗೆ ಕೂರಿಸಿದ. ಕೆಂಪು ನೀಲಿ ಎಂದು ತಲೆ ಕೆಡಿಸಿಕೊಳ್ಳದವರು ಆ ಮನೆಯಲ್ಲಿ ಅವರೊಬ್ಬರೇ.

ಮಟಮಟ ಮಧ್ಯಾಹ್ನ. ಸದ್ದು ಬರಬಾರದೆಂದು ಕಿಟಕಿ ಮುಚ್ಚಿ, ಫ್ಯಾನ್ ಆರಿಸಿದ್ದ. ಎಲ್ಲರೂ ಬೆವರುತ್ತ ಕಾದರು. ಗುರುಗುಟ್ಟುತ್ತಿದ್ದ ಫ್ರಿಜ್ಜೂ ತೆಪ್ಪಗಾಯಿತು.

"ನೋಡು, ಅದಕ್ಕಿರೋ ಬುದ್ಧಿ ನಿನಗಿಲ್ಲ," ಎಂದು ಭಾಮೈದನನ್ನು ಚುಚ್ಚಿ, "ಹ್ಞೂಂ ಅಮ್ಮಾ, ಶುರು ಮಾಡು!" ಎಂದು ಕೂಗಿದ.

"ಅಲ್ಲ ಕಣೋ, ಇದು..."

"ಅಯ್ಯೋ, ಶ್! ನೀನು ಬಾಯಿ ಬಿಟ್ರೆ ಪರೀಕ್ಷೆ ಕೆಡುತ್ತೆ."

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಹಾಡು ಬಂತು. ಪಂಡಿತ ಮೊದಲ ಸಾಲಿಗೇ ಮೂಗು ಮುರಿದ.

"ಕೆಂಪು! ಕಣ್ಣು ಮುಚ್ಚಿ ಹೇಳ್ತೀನಿ. ಮೇಲಿನ ಸ್ವರದಲ್ಲಿ ಕರಕರ ಅನ್ನುತ್ತೆ. ಇದೇ ನಿಮ್ಮ ಕಂಪನಿಯ ಹಣೆಬರಹ."

"ಕರಕರ ಅಂದ್ರೇನೇ ನೀಲಿ," ಎಂದ ಭಾಮೈದ.

ಪಂಡಿತನ ಹೆಂಡತಿ ನಡುವೆ ಕೂತು ಕಾಗದದಲ್ಲಿ ಇಬ್ಬರ ಮಾತನ್ನೂ ಬರೆದುಕೊಂಡಳು. ಪರದೆಯ ಆಚೆ ಲೋಟದ ಸದ್ದಾಯಿತು. ಪಂಡಿತ ಹಲ್ಲು ಕಡಿದ. ಎರಡನೆಯ ಸರದಿ ಶುರುವಾಯಿತು.

ಈ ಸಲ ಪಂಡಿತ ಮೂಗು ಮುರಿಯಲಿಲ್ಲ. ಹಾಡು ಮುಗಿದಾಗ ಅವನ ಕಣ್ಣು ಒದ್ದೆಯಾಗಿತ್ತು.

"ಉಸಿರು ಎಳ್ಕೊಳ್ಳೋದೂ ಕೇಳಿಸ್ತು ಕಣೇ. ಆ ಟೇಪು ಎಷ್ಟು ಸಲ ಕೇಳಿದೀನಿ, ಇದೊಂದು ಗೊತ್ತೇ ಆಗಿರ್ಲಿಲ್ಲ. ಇದು ನೀಲಿ."

"ಕೆಂಪು," ಎಂದ ಭಾಮೈದ. ಅವನೂ ಮೂಗು ಒರೆಸಿಕೊಳ್ಳುತ್ತಿದ್ದ. "ಆದ್ರೆ ಎರಡನೇದೇ ಚೆನ್ನಾಗಿತ್ತು, ಒಪ್ದೆ."

ಹದಿನೈದು ವರ್ಷದಲ್ಲಿ ಇಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು. ಹೆಂಡತಿ ತಡಮಾಡಲಿಲ್ಲ. "ಎರಡನೇ ಸಲ ಕೇಳಿದ ಧ್ವನಿಯೇ ನಾಳೆ ವೇದಿಕೆ ಮೇಲೆ ಕೇಳಬೇಕು, ಬೇರೆ ಯಾವುದೂ ಬೇಡ" ಎಂದು ಬರೆದು ಮುಂದಿಟ್ಟಳು. ಇಬ್ಬರೂ ಸಹಿ ಹಾಕಿದರು. ಪಂಡಿತ ಅಷ್ಟಕ್ಕೇ ನಿಲ್ಲದೆ, ಕೂತಲ್ಲೇ ಮೊಬೈಲಿನಲ್ಲಿ ಓದುಗರಿಗೂ ಸಾರಿಬಿಟ್ಟ: "ಇಷ್ಟು ಸಹಜವಾದ ಧ್ವನಿಯನ್ನು ಯಾವ ಸ್ಪೀಕರಿನಿಂದಲೂ ನಾನು ಕೇಳಿಲ್ಲ."

ಅಮ್ಮ ಪರದೆ ಸರಿಸಿಕೊಂಡು ಹೊರಬಂದರು. ಮುಖವೆಲ್ಲ ಬೆವರು, ಬೆವರಿನ ನಡುವೆ ಒಂದು ನಗು.

"ಹೇಳಮ್ಮ, ಎರಡನೇದು ಯಾವ ಡಬ್ಬಿ?" ಇಬ್ಬರೂ ಒಟ್ಟಿಗೇ ಎದ್ದು ನಿಂತರು.

"ಮೊದ್ಲು ಫ್ಯಾನ್ ಹಾಕಪ್ಪ, ಸೆಕೆ."

ಪಂಡಿತ ಸ್ವಿಚ್ಚು ಒತ್ತಿದ. ಫ್ಯಾನ್ ಅಲುಗಾಡಲಿಲ್ಲ. ಮತ್ತೆ ಒತ್ತಿದ. ಆಮೇಲೆ ಫ್ರಿಜ್ಜಿನ ಕಡೆ ನೋಡಿದ, ಪರದೆಯ ಕಡೆ ನೋಡಿದ, ಕೊನೆಗೆ ಅಮ್ಮನ ಕೈಯಲ್ಲಿದ್ದ ಖಾಲಿ ಲೋಟವನ್ನು ನೋಡಿದ.

"ಶುರು ಮಾಡೋಕೆ ಮುಂಚೇನೇ ಕರೆಂಟು ಹೋಯ್ತು ಕಣೋ, ಹೇಳೋಕೆ ಬಂದ್ರೆ ಬಾಯಿ ಮುಚ್ಚಿಸಿದೆ, ಮೊದಲ್ನೇ ಸಲ ಗಂಟಲು ಕಟ್ಟಿತ್ತು, ಎರಡನೇ ಸಲ ನೀರು ಕುಡಿದು ಹಾಡಿದೆ."