ಫರಸಿಯ ಸೀಳು

“ಈ ಮುದುಕಿಗಿ ಕಣ್ಣು ಕಾಣಂಗಿಲ್ರಿ ಸಾಹೇಬ್ರ. ಅಕಿ ಬದಲಿ ನಾನೇ ಬಟನ್ ಒತ್ತತೀನಿ,” ಎಂದ ಮೇಸ್ತ್ರಿ ಅಣವೀರ, ಮತಗಟ್ಟೆಯೊಳಗೆ ಹೀರಾಬಾಯಿಯ ರಟ್ಟೆ ಹಿಡಿದುಕೊಂಡು. ಹೋದ ಸಲವೂ ಹೀಗೇ ಹೇಳಿ ಅವಳ ಮತವನ್ನು ಅವನೇ ಹಾಕಿದ್ದ. ಕೆಲಸ ಹೋದೀತೆಂದು ಅವಳು ಬಾಯಿ ಮುಚ್ಚಿಕೊಂಡಿದ್ದಳು.

ಶಹಾಬಾದಿನ ಕಲ್ಲು ಪಾಲಿಶ್ ಕಾರ್ಖಾನೆಯಲ್ಲಿ ಇದೇ ಮೇಸ್ತ್ರಿಯ ಕೈಕೆಳಗೆ ನೆಲಕ್ಕೆ ಹಾಸುವ ಫರಸಿಕಲ್ಲುಗಳಲ್ಲಿ ಒಡಕಿನವನ್ನು ಆರಿಸಿ ತೆಗೆಯುವ ಕಣ್ಣು ಅವಳದು. ಇವತ್ತು ಆ ಕಣ್ಣು ಕೆಂಡವಾಯಿತು. ರಟ್ಟೆ ಕೊಸರಿಕೊಂಡು ನೆಲಕ್ಕೆ ಬೆರಳು ಮಾಡಿದಳು. “ಸಾಹೇಬ್ರ, ನಿಮ್ಮ ಕುರ್ಚಿ ಬಾಜೂಕಿನ ಫರಸಿಗಿ ಕೂದಲೆಳಿಯಷ್ಟು ಸೀಳು ಅದ. ಬಗ್ಗಿ ನೋಡ್ರಿ. ಇಂಥಾವು ನಾ ದಿನಾ ತೆಗೆದು ಒಗೀತೀನಿ.”

ಮತಗಟ್ಟೆ ಅಧಿಕಾರಿ ಬಗ್ಗಿ ಫರಸಿಯ ಮೇಲೆ ಉಗುರಾಡಿಸಿದರು. ಉಗುರು ಸಿಕ್ಕಿಕೊಂಡಿತು. ತಲೆಯೆತ್ತಿ ಮೇಸ್ತ್ರಿಗೆ ಬಾಗಿಲು ತೋರಿಸಿದರು.

“ನಾಳಿ ಕೆಲಸಕ್ಕ ಹ್ಯಾಂಗ ಬರ್ತಿ ನೋಡ್ತೀನಿ,” ಎಂದು ಹಲ್ಲು ಕಡಿದ ಅಣವೀರ.

ಹೀರಾಬಾಯಿ ಮತ ಹಾಕಿ, ರಸ್ತೆಯಾಚೆ ಮತದಾರರಿಗೆ ಬಂದ ಬೆದರಿಕೆಯ ದೂರು ಬರೆದುಕೊಳ್ಳಲು ಕೂತಿದ್ದ ನಾಗರಿಕ ವೇದಿಕೆಯ ಶ್ರುತಿಗೆ ಎಲ್ಲ ಹೇಳಿದಳು.

“ಅವನ ಹೆಸರಷ್ಟೇ ಸಾಕು ಆಯಿ. ನಿಮ್ದು ಬರಿಯಂಗಿಲ್ಲ, ಅಂಜಬ್ಯಾಡ್ರಿ,” ಎಂದಳು ಶ್ರುತಿ.

“ಬರಿಯವ್ವ! ಅವನ ಹೆಸರಿನ ಬಾಜೂಕೇ ನಂದೂ ಬರಿ. ಜಾಗ ಸಾಲಲಿಲ್ಲಂದ್ರ ಸಣ್ಣಗ ಬರಿ. ನನಗ ಕಾಣಸ್ತದ.”