ಬಾಗಿಲುವಾಡದ ಸಾಕ್ಷಿ

ಹೊಸ್ತಿಲು ದಾಟುವಾಗ ಆಡಿದ ಮಾತು ಬಾಗಿಲುವಾಡದ ಮರದಲ್ಲಿ ನಿಲ್ಲುತ್ತದೆ. ಆಡಿದವರು ಮರಳಿ ಬಂದ ಕೂಡಲೇ ಅಳಿಯುತ್ತದೆ. ದಾವಣಗೆರೆಯ ಹಾಲಮ್ಮನ ಮನೆಯಲ್ಲಿ ಒಂದು ಮಾತು ಅಳಿಯದೆ ಉಳಿದಿತ್ತು. ಅದನ್ನು ಕೇಳುವ ಧೈರ್ಯ ಅವರಿಗಿರಲಿಲ್ಲ.

ಮಗ ಸಿದ್ದೇಶನ ಶವ ಊರಾಚೆಯ ಕಾಲುವೆಯಲ್ಲಿ ಸಿಕ್ಕಿತ್ತು. ಯಾರೋ ಕರೆದೊಯ್ದು ತಳ್ಳಿದ್ದಾರೆಂದು ಹಾಲಮ್ಮ ದೂರು ಕೊಟ್ಟಿದ್ದರು. ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ಹಸೀನಾ ನದಾಫ್ ಅವರಿಗೆ ಇದು ಮೊದಲ ತನಿಖೆ.

“ಹಳೇ ಸಾಹೇಬ್ರು ಮೊದಲು ಚಹಾ ಕೇಳೋರು, ಆಮೇಲೆ ಬಾಗಿಲು,” ಎಂದು ಪೇದೆ ತಿಪ್ಪಣ್ಣ ಗೊಣಗಿದ.

ಹಸೀನಾ ಮರಕ್ಕೆ ಕಿವಿ ಹಚ್ಚಿದರು. ಹುಡುಗನ ದನಿ ಮೆಲ್ಲಗಿತ್ತು, ಸ್ಪಷ್ಟವಾಗಿತ್ತು. ಖಚಿತಪಡಿಸಿಕೊಳ್ಳಲು ಇನ್ನೆರಡು ಸಲ ಕೇಳಿದರು.

“ಜೊತೆಗೆ ಯಾರಿದ್ರು ಮೇಡಂ?” ಹಾಲಮ್ಮ ಕೇಳಿದರು.

“ಬೇರೆ ಯಾರ ದನಿಯೂ ಇಲ್ಲ, ಅಮ್ಮ. ‘ಹೋಗ್ತೀನಿ’ ಅಂದಿದ್ದಾನೆ. ‘ಹೋಗಿ ಬರ್ತೀನಿ’ ಅಂದಿಲ್ಲ.”

ತಿಪ್ಪಣ್ಣ ಟೋಪಿ ತೆಗೆದ. ಹಾಲಮ್ಮ ಗೋಡೆ ಹಿಡಿದು ಹೊಸ್ತಿಲ ಪಕ್ಕ ಕುಳಿತರು.

“ಚಟ್ನಿಗೆ ಮಿಕ್ಸಿ ಹಾಕಿದ್ದೆ,” ಎಂದರು. “ಕೇಳಿಸಿದ್ದಿದ್ರೆ, ಹಂಗೆಲ್ಲ ಅನ್ನಬಾರದು ಅಂತ ಬೈದು ಒಳಗೆ ಕರೀತಿದ್ದೆ.”